ಸ್ಲೀವ್, ಬೈಪಾಸ್ ಮತ್ತು ಏಕಾದಶಿಯ ಪಿತ್ತ

ಬೆಳಗಿನ ಸುದ್ದಿಸಭೆಯಲ್ಲಿ ನಾನು ನಿದ್ದೆ ಹೋದೆ. ನನ್ನ ಪುಟದ ಸುದ್ದಿಗಳ ಪಟ್ಟಿಯನ್ನು ನಾನೇ ಓದುತ್ತಿದ್ದೆ. ಮೂರನೆಯ ಸುದ್ದಿಯ ಮಧ್ಯೆ ದನಿ ನಿಂತಿತು, ಗೊರಕೆ ಶುರುವಾಯಿತು ಎಂದು ಆಮೇಲೆ ಹೇಳಿದರು. ಕಣ್ಣು ಬಿಟ್ಟಾಗ ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದರು.

"ಚರಂಡಿ ಸುದ್ದಿ ನಿನಗೇ ಇಷ್ಟು ಬೋರಾದರೆ ಓದುಗರ ಗತಿ ಏನು, ಇಂದಿರಾ?" ಎಂದರು ಸಂಪಾದಕರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನಗೆ ನಲವತ್ತಾರು ವರ್ಷ. ಚೆನ್ನೈನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಗರ ಪುಟಗಳ ಡೆಸ್ಕ್ ನೋಡಿಕೊಳ್ಳುತ್ತೇನೆ. ಆಗ ನನ್ನ ತೂಕ ನೂರ ಹದಿನೆಂಟು ಕಿಲೋ. ಸ್ಲೀಪ್ ಸ್ಟಡಿ ಮಾಡಿಸಿದರು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುತ್ತಿತ್ತು. ಸ್ಲೀಪ್ ಆಪ್ನಿಯಾ. ರಕ್ತದಲ್ಲಿ ಶುಗರ್ ಏರಿತ್ತು. ರಿಪೋರ್ಟ್ ನೋಡಿದ ಡಾಕ್ಟರು ಮೊದಲು "ವಿಲ್ ಪವರ್ ಬೇಕಮ್ಮಾ" ಎಂದರು. ಅದೇ ಉಸಿರಿನಲ್ಲಿ ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿ ಮಾಡುವ ಆಸ್ಪತ್ರೆಗೆ ಚೀಟಿ ಬರೆದರು. ವಿಲ್ ಪವರಿನಿಂದ ಆಗುವ ಕೆಲಸವಾಗಿದ್ದರೆ ಚೀಟಿ ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಿಂದ ತೂಕ ಇಳಿಸಿ, ಏರಿಸಿಕೊಂಡು, ಮತ್ತೆ ಇಳಿಸಿದವಳು ನಾನು. ದಪ್ಪಗಿರುವವರಿಗೆ ಪ್ರಶ್ನೆ ಕೇಳುವ ಅಧಿಕಾರ ಇಲ್ಲ ಎಂದು ಯಾವಾಗಲೋ ಒಪ್ಪಿಕೊಂಡಿದ್ದೆ. ಕಮಿಷನರನ್ನು ಪ್ರಶ್ನೆ ಕೇಳಿ ಬೆವರಿಳಿಸುವ ವರದಿಗಾರರನ್ನು ತಯಾರು ಮಾಡಿದವಳು, ಡಾಕ್ಟರ ಮುಂದೆ ಕೈಕಟ್ಟಿ ಕೂರುತ್ತಿದ್ದೆ.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಕಾರಿಡಾರಿನಲ್ಲಿ ಒಂದು ಕ್ಲಿಪ್‌ಬೋರ್ಡ್ ಕೊಟ್ಟರು. ನಾಲ್ಕು ಪುಟದ ಫಾರ್ಮು, ಇಂಗ್ಲಿಷಿನಲ್ಲಿ. ತುಂಬಿದೆ. ಮಂಡಿ ನೋವಿಗೆ ದಿನಾ ಪೇನ್‌ಕಿಲ್ಲರ್ ನುಂಗುತ್ತೇನೆ ಎಂದು ಬರೆದೆ. ಆಮೇಲೆ ಕೌನ್ಸೆಲರ್ ಬಂದಳು. ಚುರುಕಾದ ಹುಡುಗಿ, ಕೈಯಲ್ಲಿ ಎರಡು ರಬ್ಬರ್ ಹೊಟ್ಟೆಗಳು. ಒಂದು ಸ್ಲೀವ್: ಹೊಟ್ಟೆಯ ಹೆಚ್ಚಿನ ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಕೊಳವೆ ಮಾಡುವುದು. ಇನ್ನೊಂದು ಬೈಪಾಸ್: ಮೇಲ್ಭಾಗದಲ್ಲಿ ಒಂದು ಸಣ್ಣ ಚೀಲ ಮಾತ್ರ ಉಳಿಸಿ, ಅದಕ್ಕೆ ನೇರ ಸಣ್ಣಕರುಳನ್ನು ಜೋಡಿಸುವುದು.

"ಸ್ಲೀವ್ ದಾ ಮ್ಯಾಡಮ್ ಎಲ್ಲಾರುಂ ಪಣ್ಣಿಕ್ಕಿರಾಂಗ," ಎಂದಳು. ಎಲ್ಲರೂ ಅದನ್ನೇ ಮಾಡಿಸಿಕೊಳ್ಳುತ್ತಾರಂತೆ. ಸೀರೆ ಅಂಗಡಿಯಲ್ಲಿ ಕೇಳುವ ಮಾತು.

ಸರ್ಜನ್ ಏಳು ನಿಮಿಷ ಕೊಟ್ಟರು. ಗಡಿಯಾರ ನೋಡುವುದು ನನ್ನ ಅಭ್ಯಾಸ. ಫಾರ್ಮು ತಿರುವಿ, "ಪೇನ್‌ಕಿಲ್ಲರ್ ಬೇಕಾಗುತ್ತದೆ, ರಿಫ್ಲಕ್ಸ್ ಇಲ್ಲ. ಸ್ಲೀವ್ ಸೂಟ್ ಆಗುತ್ತದೆ," ಎಂದರು. ರಿಫ್ಲಕ್ಸ್ ಎಂದರೆ ಹೊಟ್ಟೆಯ ಹುಳಿ ಮೇಲಕ್ಕೆ ಬರುವುದು. ಬೈಪಾಸ್ ಆದವರು ಆ ಮಾತ್ರೆ ನುಂಗಿದರೆ ಹೊಲಿಗೆಯ ಜಾಗದಲ್ಲಿ ಅಲ್ಸರ್ ಆಗಬಹುದಂತೆ.

ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ನನ್ನ ಗಂಡ ಮುರಳಿ ಲ್ಯಾಪ್‌ಟಾಪಿನಲ್ಲಿ ಎರಡು ಕಾಲಂ ಮಾಡಿ ಹೋಲಿಸಿದ್ದ. ಸ್ಲೀವ್ ಕಾಲಮ್ಮಿನಲ್ಲಿ 'ಕರುಳು ಮುಟ್ಟುವುದಿಲ್ಲ' ಎಂಬುದಕ್ಕೆ ಹಸಿರು ಬಣ್ಣ ಬಳಿದಿದ್ದ. ತ್ರಿಪ್ಲಿಕೇನಿನಲ್ಲಿ ಅಣ್ಣನ ಜೊತೆ ಇರುವ ಅಮ್ಮ ಫೋನಿನಲ್ಲಿ ಹೇಳಿದಳು: "ಕರುಳಿಗೆಲ್ಲಾ ಕೈ ಹಾಕೋದು ಬೇಡವೇ ಬೇಡ. ಪೈಪು ಮಾತ್ರ ಮಾಡಿದ್ರೆ ಪರವಾಯಿಲ್ಲೆ." ನನ್ನ ಹೊಟ್ಟೆಯ ಬಗ್ಗೆ ಸರ್ಜನ್, ಗಂಡ, ಅಮ್ಮ, ಮೂವರು ವೋಟು ಹಾಕಿದರು. ನನ್ನದು ನಾಲ್ಕನೆಯದು. ನಾನೂ ಸ್ಲೀವ್ ಅಂದೆ.

ಆಪರೇಷನ್ನಿಗೆ ನಾಲ್ಕು ದಿನ ಇತ್ತು. ಭಾನುವಾರ ಮಧ್ಯಾಹ್ನ, ಕ್ರೋಂಪೇಟೆಯ ನಮ್ಮ ಮನೆಯಲ್ಲಿ, ಆಸ್ಪತ್ರೆಯ ಫೈಲು ತೆಗೆದುಕೊಂಡು ಕೂತೆ. ನಮ್ಮ ಡೆಸ್ಕಿನಲ್ಲಿ ಒಂದು ಪದ್ಧತಿ ಇದೆ. ಮುಖ್ಯ ಸುದ್ದಿ ಅಚ್ಚಿಗೆ ಹೋಗುವ ಮುಂಚೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ಪ್ರತಿ ಹಿಡಿದು ಕೇಳಬೇಕು. ಬರೆದವರು ಒಬ್ಬರೇ ಓದಿದರೆ ತಮ್ಮ ತಪ್ಪು ತಮಗೆ ಕಾಣುವುದಿಲ್ಲ. ಈಗಿನವರಿಗೆ ಇದು ಹಳೇ ಕಾಲದ್ದು ಅನಿಸುತ್ತದೆ, ನಾನು ಬಿಟ್ಟಿಲ್ಲ. ಮಗಳು ಪ್ರಣತಿಯನ್ನು ಕರೆದು ಫಾರ್ಮಿನ ನಕಲನ್ನು ಅವಳ ಕೈಗೆ ಕೊಟ್ಟೆ, ಓದು ಅಂದೆ. ಅವಳಿಗೆ ಹದಿನೇಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

ಎರಡನೆಯ ಪುಟದಲ್ಲಿ ನಿಂತಳು.

"ಹಾರ್ಟ್‌ಬರ್ನ್, ನೋ. ಮಲಗಿದಾಗ ಹುಳಿ ಗಂಟಲಿಗೆ ಬರುವುದು, ನೋ." ತಲೆ ಎತ್ತಿದಳು. "ಅಮ್ಮಾ, ಇದು ಪೊಯ್."

ಸುಳ್ಳು, ಎಂದಳು.

"ಏನು ಸುಳ್ಳು? ಅದು ಪಿತ್ತ ಕಣೇ."

"ನೀ ಮೂನು ದಿಂಬು ವೆಚ್ಚು ಉಕ್ಕಾಂದುಕ್ಕಿಟ್ಟೇ ತೂಂಗರೆ. ಅದುಕ್ಕು ಪೇರ್ ಎನ್ನ?" ಮೂರು ದಿಂಬು ಇಟ್ಟು ಕೂತುಕೊಂಡೇ ಮಲಗುತ್ತೀಯಲ್ಲ, ಅದಕ್ಕೇನು ಹೆಸರು ಎಂದು ಅವಳ ಪ್ರಶ್ನೆ.

ಹೆಸರು ಇತ್ತು. ತಪ್ಪಾಗಿದ್ದೇ ಅಲ್ಲಿ.

ನಮ್ಮದು ಮಾಧ್ವ ಮನೆತನ. ಏಕಾದಶಿಗೆ ನಿರ್ಜಲ ಉಪವಾಸ, ನೀರೂ ಇಲ್ಲ. ಹನ್ನೆರಡು ವರ್ಷದವಳಿದ್ದಾಗಿನಿಂದ ಮಾಡಿದ್ದೇನೆ. ಸಂಜೆಯ ಹೊತ್ತಿಗೆ ಎದೆಯಿಂದ ಗಂಟಲಿಗೆ ಒಂದು ಉರಿ ಏರುತ್ತದೆ. ಮರುದಿನ ದ್ವಾದಶಿ, ಬೆಳಿಗ್ಗೆ ಅಗಸೆ ಸೊಪ್ಪು, ನೆಲ್ಲಿಕಾಯಿಯ ಊಟಕ್ಕೆ ಇಳಿಯುತ್ತದೆ. ಅದಕ್ಕೆ ನಮ್ಮಲ್ಲಿ ಏಕಾದಶಿ ಪಿತ್ತ ಅನ್ನುತ್ತಾರೆ. ಅದು ಕಾಯಿಲೆಯಲ್ಲ, ಉಪವಾಸ ಸರಿಯಾಗಿ ಆಗಿದೆ ಎಂಬುದಕ್ಕೆ ಸಾಕ್ಷಿ. ಉರಿ ಬರದವರನ್ನು ಅಜ್ಜಿ "ಯಾವ ಮೆಸ್ಸಿನಲ್ಲಿ ಕಾಫಿ ಕುಡಿದು ಬಂದೆ?" ಎಂದು ಕೇಳುತ್ತಿದ್ದಳು. ಕೆಲವು ವರ್ಷಗಳಿಂದ ಆ ಉರಿ ಏಕಾದಶಿಗೆ ಕಾಯುತ್ತಿರಲಿಲ್ಲ. ವಾರಕ್ಕೆ ಮೂರು ದಿನ, ಐದು ದಿನ, ಆಮೇಲೆ ದಿನಾ. ಹೆಸರು ಮಾತ್ರ ಬದಲಾಗಲಿಲ್ಲ.

ಹಾರ್ಟ್‌ಬರ್ನ್ ಎಂದರೆ ಏನು ಎಂದು ನನಗೆ ಗೊತ್ತು. ಆರೋಗ್ಯ ಪುಟದಲ್ಲಿ ಆ ಪದವನ್ನು ನೂರಾರು ಸಲ ತಿದ್ದಿದ್ದೇನೆ. ಆದರೆ ಹಾರ್ಟ್‌ಬರ್ನ್ ರೋಗಿಗಳಿಗೆ ಬರುವುದು. ಪಿತ್ತ ನಮ್ಮ ಮನೆಯದು. ಎರಡೂ ಒಂದೇ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಅಂದು ಸಂಜೆಯವರೆಗೆ ವೈದ್ಯಕೀಯ ಸಂಘಗಳ ಮಾರ್ಗಸೂಚಿಗಳನ್ನು ಓದಿದೆ. ಸ್ಲೀವ್ ಆದಮೇಲೆ ರಿಫ್ಲಕ್ಸ್ ಹೆಚ್ಚಾಗಬಹುದು, ಮೊದಲೇ ಜೋರಾಗಿರುವವರಿಗೆ ಬೈಪಾಸ್ ಮೇಲು ಎಂದಿತ್ತು. ಸ್ಲೀವ್ ಮಾಡಿದ ಮೇಲೆ ಕತ್ತರಿಸಿದ ಹೊಟ್ಟೆಯನ್ನು ವಾಪಸು ಇಡಲು ಆಗುವುದಿಲ್ಲ.

ಸೋಮವಾರ ಬೆಳಿಗ್ಗೆ ಕೌನ್ಸೆಲರಿಗೆ ಫೋನು ಮಾಡಿದೆ. ಬಾಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿ ಯಾವಾಗ ಎಂದು ಕೇಳಿದೆ.

"ಆಪರೇಷನ್ ದಿನವೇ ಮ್ಯಾಡಮ್, ಅದೇ ಅಡ್ಮಿಷನ್ನಿನಲ್ಲಿ. ಕವಲೈಪಡಾದೀಂಗ, ಚಿಂತೆ ಬೇಡ, ಅದೊಂದು ಫಾರ್ಮಾಲಿಟಿ."

"ಅದರಲ್ಲಿ ಏನಾದರೂ ಕಂಡರೆ?"

"ಸರ್ ಡಿಸೈಡ್ ಪಣ್ಣುವಾರ್."

"ಸರ್ ತೀರ್ಮಾನ ಮಾಡುವಾಗ ನಾನೆಲ್ಲಿರುತ್ತೇನೆ?"



"ನೀವು ಸೆಡೇಷನ್ ಮಂಪರಿನಲ್ಲಿ ಇರುತ್ತೀರಿ, ಮ್ಯಾಡಮ್."

ನಾನು ಕೂಗಲಿಲ್ಲ. ಆಪರೇಷನ್ ಮುಂದೂಡಿ, ಎಂಡೋಸ್ಕೋಪಿ ಮೊದಲು ಬೇರೆಯಾಗಿ ಮಾಡಿ, ಈ ಮಾತನ್ನು ಇಮೇಲಿನಲ್ಲಿ ಈಗಲೇ ಕಳಿಸುತ್ತಿದ್ದೇನೆ ಎಂದೆ. ಸಂಜೆ ಮುರಳಿ, "ಡೇಟ್ ಸಿಗೋದೇ ಕಷ್ಟ, ಅವರಿಗೆ ಗೊತ್ತಿರಲ್ವಾ, ಇಂದಿರಾ? ನೀನು ಅಲ್ಲೂ ಎಡಿಟರ್ ಆಗಬೇಡ," ಎಂದ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಅವನ ಮೇಲೆ ಅಷ್ಟು ಕೋಪ ಬಂದಿರಲಿಲ್ಲ. "ಕತ್ತರಿಸೋದು ನಿನ್ನ ಎಕ್ಸೆಲ್ ಶೀಟನ್ನಲ್ಲ," ಅಂದೆ. ಅವನು ಎದ್ದು ಬಾಲ್ಕನಿಗೆ ಹೋದ.

ಎಂಡೋಸ್ಕೋಪಿಯಲ್ಲಿ ಹಯಾಟಸ್ ಹರ್ನಿಯಾ ಕಂಡಿತು. ಹೊಟ್ಟೆಯ ಮೇಲ್ತುದಿ ಎದೆಯ ಕಡೆಗೆ ಜಾರಿತ್ತು. ಅನ್ನನಾಳದ ಕೆಳಭಾಗ ಸುಟ್ಟು ಹುಣ್ಣಾಗಿತ್ತು.

ಸರ್ಜನ್ ಈ ಸಲ ಗಡಿಬಿಡಿ ಮಾಡಲಿಲ್ಲ. ರಿಪೋರ್ಟಿನ ಪಕ್ಕದಲ್ಲಿ ನನ್ನ ಫಾರ್ಮು ಇಟ್ಟರು.

"ಮ್ಯಾಡಮ್, ನೀವು ನೋ ಅಂತ ಬರೆದಿದ್ದೀರಿ."

ಅಕ್ಷರ ನನ್ನದೇ.

ಅಲ್ಲಿಯವರೆಗೆ ನನ್ನ ಕೋಪಕ್ಕೆ ಒಂದು ದಿಕ್ಕಿತ್ತು. ಏಳು ನಿಮಿಷದ ಡಾಕ್ಟರು, ರಬ್ಬರ್ ಹೊಟ್ಟೆಯ ಹುಡುಗಿ, ಹಸಿರು ಬಣ್ಣದ ಗಂಡ. ಈಗ ಅದು ತಿರುಗಿ ನನ್ನ ಕಡೆಗೇ ಬಂತು. ಆದರೂ ಒಂದು ಮಾತನ್ನು ದಾಖಲೆಗಾಗಿ ಹೇಳಿದೆ: "ಬರೆದದ್ದು ನಾನೇ. ನನ್ನ ತಪ್ಪು. ನಿಮ್ಮಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅದು ನನ್ನ ತಪ್ಪಲ್ಲ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕರೆಕ್ಟ್," ಎಂದರು. ಒಂದೇ ಪದ. ಆಮೇಲೆ ನಲವತ್ತು ನಿಮಿಷ ಮಾತಾಡಿದರು.

ಸ್ಲೀವ್ ಮಾಡಿ ಜೊತೆಗೇ ಹರ್ನಿಯಾ ಹೊಲಿಯಬಹುದು, ಆದರೆ ಉರಿ ಉಳಿಯಬಹುದು, ಹೆಚ್ಚಲೂಬಹುದು. ಬೈಪಾಸ್ ಮಾಡಿದರೆ ಉರಿಗೂ ಶುಗರಿಗೂ ಒಳ್ಳೆಯದು. ಆದರೆ ಬದುಕಿರುವವರೆಗೆ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ. ಸಸ್ಯಾಹಾರಿಯಾದ ನನ್ನ ಬಿ-ಟ್ವೆಲ್ವ್ ಈಗಲೇ ಕಡಿಮೆ, ಇಂಜೆಕ್ಷನ್ ಬೇಕು. ನೀರಿಲ್ಲದ ಉಪವಾಸ ಇನ್ನು ಇಲ್ಲ. ಮಂಡಿಗೆ ನಾನು ನುಂಗುವ ಪೇನ್‌ಕಿಲ್ಲರ್ ಇನ್ನು ಯಾವತ್ತೂ ಇಲ್ಲ. "ತೂಕ ಇಳಿದರೆ ಮಂಡಿಯ ಭಾರ ಕಡಿಮೆಯಾಗುತ್ತದೆ. ಸವೆದದ್ದು ಸರಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ," ಎಂದರು. "ನಿಮಗೆ ಯಾವ ಕಷ್ಟ ತಡೆಯೋದಕ್ಕಾಗುತ್ತೆ ಅಂತ ನೀವೇ ಹೇಳಬೇಕು."

ಮೊದಲ ಸಲ ಒಬ್ಬರು ನನ್ನನ್ನು ಕೇಳಿದ್ದರು.

ಅಮ್ಮನಿಗೆ ಹೇಳಲು ತ್ರಿಪ್ಲಿಕೇನಿಗೆ ಹೋದೆ. ಬೀನ್ಸ್ ಹೆಚ್ಚುತ್ತಿದ್ದಳು. ಎಲ್ಲ ಕೇಳಿದಳು. ಈಳಿಗೆಮಣೆ ಮಡಿಸಿ ಪಕ್ಕಕ್ಕಿಟ್ಟಳು.

"ಹಾಗಾದ್ರೆ ನಾನೇ ನಿನ್ನ ಸುಟ್ಟೆ ಅಂತೀಯಾ?"

ಹೌದು ಅನ್ನುವಷ್ಟು ಕೋಪ ನನ್ನಲ್ಲಿತ್ತು. ಹನ್ನೆರಡರ ಹುಡುಗಿ ಎದೆ ಹಿಡಿದುಕೊಂಡು ಬಂದಾಗ "ಬಿಡು, ಪುಣ್ಯ ಬರತ್ತೆ" ಅಂದವಳು ಇವಳೇ. ಆದರೆ ಹರ್ನಿಯಾಕ್ಕೆ ಉಪವಾಸ ಕಾರಣ ಎಂದು ಡಾಕ್ಟರು ಹೇಳಿರಲಿಲ್ಲ. ಹೇಳದ ಮಾತನ್ನು ಸೇರಿಸುವುದು ನನ್ನ ಕೆಲಸದಲ್ಲಿ ಅಪರಾಧ.

"ನೀನು ಸುಡಲಿಲ್ಲ," ಅಂದೆ. "ಉರೀತಿದೆ ಅಂದಾಗ ನೀನು ಕೇಳಲಿಲ್ಲ. ನಾನೂ ಹೇಳೋದು ಬಿಟ್ಟುಬಿಟ್ಟೆ."

ಅವಳು ಬೀನ್ಸಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. "ನಮ್ಮಮ್ಮನೂ ಕೇಳಲಿಲ್ಲ," ಎಂದಳು. ಆಮೇಲೆ, "ಏಕಾದಶಿಗೂ ನೀರು ಕುಡಿ. ದೇವರಿಗೆ ನಾನು ಹೇಳ್ಕೋತೀನಿ. ಅಣ್ಣನ ಹತ್ತಿರ ಮಾತ್ರ ಈಗಲೇ ಹೇಳಬೇಡ, ಉಪವಾಸ ಬಿಡೋಕೆ ಅವನಿಗೂ ಇದೇ ನೆಪ ಸಾಕು," ಎಂದಳು.

ಬೈಪಾಸ್ ಮಾಡಿಸಿಕೊಂಡೆ. ಮೂರು ಗಂಟೆಯ ಕೆಲಸ, ಐದು ಸಣ್ಣ ತೂತು. ಎಚ್ಚರವಾದಾಗ ಹೊಟ್ಟೆಯಲ್ಲಿ ಕಲ್ಲು ಕಟ್ಟಿದ ಹಾಗಿತ್ತು, ಭುಜದಲ್ಲಿ ನೋವು. ಎರಡು ವಾರ ಬರೀ ದ್ರವ. ಮುರಳಿ ಔಷಧಿ ಮುಚ್ಚಳದಲ್ಲಿ ಅಳೆದು ನೀರು ಕೊಟ್ಟ. "ನಾನು ಕಾಲಂ ಹಾಕಿದ್ದು ಹೆದರಿಕೆಗೆ," ಎಂದ ಒಂದು ಸಲ. ಕ್ಷಮೆ ಕೇಳುವುದಕ್ಕೆ ಅವನು ಇದಕ್ಕಿಂತ ಹತ್ತಿರ ಬಂದವನಲ್ಲ.

ಮೂರನೆಯ ತಿಂಗಳಲ್ಲಿ ಕೂದಲು ಬಾಚಣಿಗೆ ತುಂಬ ಬಂತು. ಒಂದು ಇಡ್ಲಿಗೆ ಇಪ್ಪತ್ತು ನಿಮಿಷ. ಪಾಯಸ ಎರಡು ಚಮಚ ತಿಂದ ದಿನ ಬೆವರಿ, ಎದೆ ಬಡಿದು, ಸೋಫಾದ ಮೇಲೆ ಬಿದ್ದುಕೊಂಡೆ. ಬೈಪಾಸ್ ಆದವರಿಗೆ ಸಿಹಿ ಹಾಗೆ ಮಾಡುತ್ತದಂತೆ. ಪಕ್ಕದ ಮನೆಯವರು, "ಶಾರ್ಟ್‌ಕಟ್ ಮಾಡಿಕೊಂಡ್ರಲ್ಲ, ಒಳ್ಳೇದಾಯ್ತು ಬಿಡಿ," ಎಂದರು. ಸುದ್ದಿಸಭೆಯಲ್ಲಿ ಈಗ ನಿದ್ದೆ ಬರುವುದಿಲ್ಲ. "ಗ್ಲಾಮರಸ್ ಆಗಿಬಿಟ್ಟೆ" ಎಂದು ಸಂಪಾದಕರು ನಕ್ಕಾಗ ನಾನು ನಗಲಿಲ್ಲ. ಉಳಿದವರೂ ನಗಲಿಲ್ಲ. ಪಟ್ಟಿಯನ್ನು ಮುಂದಕ್ಕೆ ಓದಿದೆ.

ಎದೆಯುರಿಯ ಪ್ರಶ್ನೆಯನ್ನು ಬಾಯಲ್ಲಿ, ರೋಗಿಯ ಭಾಷೆಯಲ್ಲಿ ಕೇಳಿ, ಎಂಡೋಸ್ಕೋಪಿಯನ್ನು ಬೇರೆ ದಿನ ಮಾಡಿ ಎಂದು ಆಸ್ಪತ್ರೆಯ ಆಡಳಿತಕ್ಕೆ ಎರಡು ಪತ್ರ ಬರೆದಿದ್ದೇನೆ. ಮೊದಲನೆಯದಕ್ಕೆ ಫೀಡ್‌ಬ್ಯಾಕಿಗೆ ಧನ್ಯವಾದ ಎಂದು ಉತ್ತರ ಬಂತು. ಎರಡನೆಯದಕ್ಕೆ ಬಂದಿಲ್ಲ. ಸರ್ಜನ್ ಮಾತ್ರ ತಾವೀಗ ಪ್ರತಿಯೊಬ್ಬರನ್ನೂ ಕೇಳುವುದಾಗಿ ಹೇಳಿದ್ದಾರೆ. ನಂಬುತ್ತೇನೆ. ಪೂರ್ತಿಯಾಗಿ ಅಲ್ಲ.

ಇಪ್ಪತ್ತಾರು ಕಿಲೋ ಇಳಿದಿದೆ. ಶುಗರ್ ಮಾತ್ರೆ ನಿಲ್ಲಿಸಿದ್ದಾರೆ. ಗಂಟಲಿಗೆ ಹುಳಿ ಬಂದು ಐದು ತಿಂಗಳಾಯಿತು. ಇದಕ್ಕೆಲ್ಲ ಕೃತಜ್ಞತೆ ಇದೆ. ಅದನ್ನು ಬರೆಯುವಾಗ ಪೆನ್ನು ಸ್ವಲ್ಪ ಬಿಗಿಯಾಗುತ್ತದೆ, ಅಷ್ಟೆ.

ಮಂಡಿ ಮೊದಲಿಗಿಂತ ಹಗುರ, ಆದರೆ ನೋವು ಹೋಗಿಲ್ಲ. ಮೊನ್ನೆ ಕ್ರೋಂಪೇಟೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಿದ್ದೆ. ದಿನಾ ಒಂದೇ ರೈಲಿನಲ್ಲಿ ಬರುವ ಟೀಚರೊಬ್ಬರು ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದರು. ನಾನು ವರ್ಷಗಟ್ಟಲೆ ನುಂಗಿದ್ದೇ ಅದು. "ಒಣ್ಣೇ ಒಣ್ಣು ಪೋಟ್ಟುಕ್ಕೋಂಗ, ಒಂದಕ್ಕೆ ಏನಾಗುತ್ತೆ?" ಎಂದರು. ಬೇಡ ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. "ಅಯ್ಯೋ, ಇದನ್ನೆಲ್ಲ ಅವರು ಮೊದಲೇ ಹೇಳಲಿಲ್ಲವೇ?" ಎಂದರು.

"ಹೇಳಿದ್ದರು," ಅಂದೆ.

ರೈಲು ಬರುವ ಸದ್ದು ಕೇಳಿ ಅವರು ಇಳಿದು ಹೋದರು. ಉಳಿದ ಮೆಟ್ಟಿಲುಗಳನ್ನು ನಾನು ಒಂದೊಂದಾಗಿ ಇಳಿದೆ. ಆ ರೈಲು ತಪ್ಪಿತು. ಕಳೆದ ಒಂದು ವರ್ಷದಲ್ಲಿ ನನಗೆ ಕೋಪ ಬರಿಸದ ನೋವು ಇದೊಂದೇ. ಇದನ್ನು ನನಗೆ ಮೊದಲೇ ಹೇಳಿದ್ದರು, ನಾನು ಎಚ್ಚರವಿದ್ದೆ, ಓದಿ ಸಹಿ ಹಾಕಿದ್ದೆ.