ಮೋರಖಂಡಿಯ ನೀರಿನ ಲೆಕ್ಕಕ್ಕೆ ಪುಣೆಯ ನಾಲ್ವರು

ಗೆಳೆಯರೇ, ಬಸವಕಲ್ಯಾಣ–ಹುಮನಾಬಾದ್ ರಸ್ತೆಯ ಬದಿಗೆ ಕಾರ್ಖಾನೆಗಳು ಬರಲಿವೆಯೆಂದು ಹೊಸ ನೀರಿನ ಯೋಜನೆ ತಯಾರಾಗುತ್ತಿದೆ. ಇವತ್ತು ಮೋರಖಂಡಿ ಹಳ್ಳಿಯಲ್ಲಿ, ಅದರ ಸಮೀಕ್ಷೆಗೆಂದು, "ಮೂವತ್ತು ವರ್ಷಕ್ಕೆ ಸಾಲೋ ಪೈಪು" ಎಂದು ಹೇಳುತ್ತ ಮನೆಮನೆಯ ಜನರನ್ನು ಎಣಿಸುತ್ತಿದ್ದೆ. ಕೂಲಿ ಮಾಡುವ ಕಾಶಮ್ಮ, "ಏಳು ಮಂದಿ ಬರಕೊಳ್ರಿ" ಎಂದರು. ಮನೆಯಲ್ಲಿದ್ದದ್ದು ಮೂವರು.

"ಉಳಿದವರೆಲ್ರಿ?"

"ಮಗಳು, ಅಳಿಯ, ಅವರ ಮಕ್ಕಳಿಬ್ಬರು ಪುಣೆದಾಗ ಅದಾರ್ರಿ. ಗೌಂಡಿ ಕೆಲಸ, ಗ್ವಾಡಿ ಕಟ್ಟೋದು."

"ಈಗ ಇಲ್ಲಿ ಇರೋರನ್ನಷ್ಟೇ ಬರೀಬೇಕ್ರಿ ಅಕ್ಕಾ."

"ಪೈಪು ಮೂವತ್ತು ವರ್ಷದ್ದು, ಮಂದಿ ಇವತ್ತಿಂದಷ್ಟೇ ಯಾಕ್ರಿ? ಇಲ್ಲೇ ಕೆಲಸ ಸಿಕ್ಕರ ಅವರು ಬರಾಂಗಿಲ್ಲೇನು?"

ಯೋಜನೆಯ ಎಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿ ಆಕೆಯ ಪ್ರಶ್ನೆಯನ್ನೇ ಕೇಳಿದೆ. ಅವರು, "ಖರೇನ ಅದ. ವಾಪಸ್ ಬರೋರಿಗೂ ಒಂದು ಕಾಲಂ ಹಾಕ್ರಿ" ಎಂದರು.

ಸುದ್ದಿ ಹಬ್ಬಿತು. ಎಲ್ಲರೂ ಊರು ಬಿಟ್ಟ ತಮ್ಮವರಿಗೆ ಫೋನ್ ಹಚ್ಚಿ, ಕೆಲಸ ಸಿಕ್ಕರೆ ವಾಪಸ್ ಬರುತ್ತೀರಾ ಎಂದು ಕೇಳಿ, ಹೂಂ ಎಂದವರ ಹೆಸರು ಬರೆಸಿದರು. ಸಂಜೆಯೊಳಗೆ, ಒಂದೂ ಹೆರಿಗೆಯಿಲ್ಲದೆ, ನನ್ನ ಪಟ್ಟಿಯಲ್ಲಿ ಆ ಓಣಿಯ ಜನಸಂಖ್ಯೆ ದುಪ್ಪಟ್ಟಾಯಿತು.