ದಿಬ್ಬಕ್ಕೆ ಬೆಕ್ಕು ಬಿಟ್ಟ ಭಾವನವರು

ನಾನು ಮದುವೆಯಾಗಿ ಬಂದದ್ದು ಕೊಳತ್ತೂರು ಕಡೆಯ ಹಳ್ಳಿಗೆ. ಮೆಟ್ಟೂರು ಅಣೆಕಟ್ಟಿನ ಹಿನ್ನೀರು ಊರಿನ ಕಾಲಬುಡಕ್ಕೇ ಬರುತ್ತದೆ. ಆ ನೀರಿನ ನಡುವೆ ನಮ್ಮ ಮನೆಯವರು ಉಳುವ ಒಂದು ದಿಬ್ಬ. ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಕಾವೇರಿ ತುಂಬಿದರೆ ಅದು ನಡುಗಡ್ಡೆ, ಹರಿಗೋಲೇ ಗತಿ. ಅಲ್ಲಿ ಕಡಲೆಕಾಯಿ ಹಾಕುತ್ತೇವೆ, ಒಂದು ಗುಡಿಸಲು ಕಟ್ಟಿ ಕೋಳಿ ಸಾಕುತ್ತೇವೆ.

ಒಂದು ವರ್ಷ ಇಲಿಗಳ ಕಾಟ ಮಿತಿಮೀರಿತು. ಗಿಡ ಕಿತ್ತರೆ ಬುಡದಲ್ಲಿ ಬರೀ ಸಿಪ್ಪೆ. ನಾನೂ ಅತ್ತೆಯೂ ಬಿಲ ಅಗೆದು, ಬೋನು ಇಟ್ಟು, ದಿನಕ್ಕಿಷ್ಟು ಅಂತ ಹಿಡಿಯುತ್ತಿದ್ದೆವು. ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನವರಿಗೆ, ಇದು ಬುದ್ಧಿಯಿಲ್ಲದ ಹೆಂಗಸರ ಕೆಲಸವಾಗಿ ಕಂಡಿತು. ಅವರು ಮೊಬೈಲ್ ನೋಡಿ ಪಂಡಿತರಾದವರು. ಯಾವುದೋ ಸಮುದ್ರದ ದ್ವೀಪದಲ್ಲಿ ಇಲಿ ಹಿಡಿಯಲು ಬೆಕ್ಕು ಬಿಟ್ಟ ವಿಡಿಯೊ ನೋಡಿದ್ದರಂತೆ. ಅದನ್ನು ಕೊನೆಯವರೆಗೆ ನೋಡಿರಲಿಲ್ಲ ಎಂಬುದು ನನ್ನ ಅನುಮಾನ.

“ಸುತ್ತ ನೀರೈತೆ. ಬೆಕ್ಕು ಎಲ್ಲಿಗೋದಾತು? ಇಲಿ ತಿನ್ನದೆ ಅದಕ್ಕೆ ಬೇರೆ ದಾರಿ ವಳಿ ಇಲ್ಲ” ಎಂದರು.

“ಲೇ, ಇಲಿ ಬಿಲದಾಗೈತೆ, ಕೋಳಿ ಕಣ್ಣೆದುರಿಗೈತೆ. ಬೆಕ್ಕೇನು ನಿನ್ನಂಗೇನ್ಲಾ?” ಎಂದರು ಅತ್ತೆ.

“ನಿಂಗೆ ಪುರಿಯಲ್ಲ, ತಿಳಿಯಲ್ಲ, ಸುಮ್ಕಿರವ್ವಾ. ಇದು ಸಯನ್ಸು.”

ಮೆಟ್ಟೂರಿನ ಮೀನು ಸಂತೆಯಲ್ಲಿ ಕೊಬ್ಬಿದ ಬೆಕ್ಕುಗಳನ್ನು ಗೋಣಿಚೀಲದಲ್ಲಿ ತುಂಬಿಸಿ ತಂದು, ಹರಿಗೋಲು ಹತ್ತಿಸಿ, ದಿಬ್ಬದ ಮೇಲೆ ಬಿಟ್ಟರು. ಬಿಡುವಾಗ ಫೋಟೊ ತೆಗೆಸಿಕೊಂಡರು.

ಬೆಕ್ಕುಗಳು ಮೊದಲು ಕೋಳಿಮರಿಗಳನ್ನು ಮುಗಿಸಿದವು. ಆಮೇಲೆ ಮೀನುಗಾರರು ಬಂಡೆಯ ಮೇಲೆ ಒಣಹಾಕಿದ್ದ ಮೀನಿಗೆ ಬಾಯಿ ಹಾಕಿದವು. ಅವರು ಬಂದು ಬೈದಾಗ ಬೈಸಿಕೊಂಡವಳು ನಾನು. ಭಾವನವರು ಟೀ ಅಂಗಡಿಯಲ್ಲಿದ್ದರು. ಹಾಡಹಗಲೇ ಹೆಗ್ಗಣವೊಂದು ಬೆಕ್ಕಿನ ಮುಂದೆ ಹಾದುಹೋದದ್ದನ್ನು ನಾನೇ ಕಂಡೆ. ಬೆಕ್ಕು ಒಮ್ಮೆ ನೋಡಿ, ಕಾಲು ನೆಕ್ಕಿಕೊಳ್ಳುತ್ತಾ ಕೂತಿತು.

ಇದೆಲ್ಲ ನಗುವ ಮಾತಾಯಿತು. ನಗು ಬಾರದ್ದು ಟಿಟ್ಟಿಭ ಹಕ್ಕಿಗಳ ವಿಷಯ. ದಿಬ್ಬದಂಚಿನ ಬರಿಯ ನೆಲದಲ್ಲಿ ಅವು ಮೊಟ್ಟೆಯಿಡುತ್ತಿದ್ದವು. ನಾನು ಕಳೆ ಕೀಳಲು ಇಳಿದರೆ ಸಾಕು, ತಲೆಯ ಮೇಲೆ ಸುತ್ತಿ ಜಗಳಕ್ಕೆ ಬರುತ್ತಿದ್ದವು. ಆ ವರ್ಷ ಇಳಿದರೆ ಒಂದೂ ಕೂಗಲಿಲ್ಲ. ಕಲ್ಲುಗಳ ನಡುವೆ ಪುಕ್ಕ ಬಿದ್ದಿತ್ತು. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇಲಿ ತಿಂದು ಉಳಿಸಿದ ಕಡಲೆಕಾಯಿ ಕಿತ್ತು ಮನೆಗೆ ತಂದ ಮೇಲೆ ಜೋರು ಮಳೆ ಹಿಡಿಯಿತು. ನೀರು ಏರಿ ದಿಬ್ಬ ಮುಳುಗುತ್ತಾ ಬಂತು. ಬೆಕ್ಕುಗಳ ಕೂಗು ಊರಿಗೆಲ್ಲ ಕೇಳತೊಡಗಿತು.

“ಓಗಿ ಕರ್ಕೊಂಬಾ” ಎಂದರು ಅತ್ತೆ.

“ಅವು ಈಜ್ತವೆ ಬಿಡವ್ವಾ.”

“ಬಿಟ್ಟೋನು ನೀನು. ಅವುನ್ನ ಕರ್ಕೊಂಡು ಬರಗಂಟ ಈ ಮನೇಲಿ ಊಟ ಇಲ್ಲ.”

ಸಯನ್ಸಿಗಿಂತ ಹಸಿವು ದೊಡ್ಡದು. ಹುಟ್ಟು ಹಾಕಲು ಬಾರದ ಭಾವನವರಿಗೆ ನಾನೇ ಹರಿಗೋಲು ನಡೆಸಿದೆ. ಉಳಿದದ್ದು ಒಂದೇ ಜಾಲಿಮರ. ಮೇಲಿನ ಕೊಂಬೆಯಲ್ಲಿ ಬೆಕ್ಕುಗಳು, ಕೆಳಗಿನ ಕೊಂಬೆಯಲ್ಲಿ ಸಾಲಾಗಿ ಇಲಿಗಳು. ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ. ನಮ್ಮನ್ನು ಕಂಡ ಇಲಿಗಳು, ಹರಿಗೋಲನ್ನು ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಓಡಿ ಹರಿಗೋಲಿಗೇ ಇಳಿದವು. ಭಾವನವರು ಕೈ ಚಾಚಿದಾಗ ಬೆಕ್ಕುಗಳು ಮೊಣಕೈವರೆಗೆ ಪರಚಿದವು. ಹೀಗೆ ನಾವು ಬೆಕ್ಕನ್ನೂ ಇಲಿಯನ್ನೂ ಒಟ್ಟಿಗೆ ಊರಿಗೆ ತಂದೆವು. ಭಾವನವರಿಗೆ ಸೂಜಿ ಹಾಕಿಸಲು ನನ್ನ ಗಂಡ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಬೆಕ್ಕುಗಳು ಈಗ ನಮ್ಮ ಹಿತ್ತಲಲ್ಲಿ ಸಂಸಾರ ಹೂಡಿವೆ. ಮರುವರ್ಷ ದಿಬ್ಬದಲ್ಲಿ ನಾನೂ ಅತ್ತೆಯೂ ಮತ್ತೆ ಬೋನು ಇಟ್ಟೆವು; ಬೆಳೆ ಅರ್ಧಕ್ಕಿಂತ ಹೆಚ್ಚು ಕೈಗೆ ಬಂತು. ಹಕ್ಕಿಗಳು ಮಾತ್ರ ಇನ್ನೂ ಬಂದಿಲ್ಲ.

ಮೊನ್ನೆ ಪಾಲಮಲೆಯಿಂದ ಹೆಂಡತಿಯೊಂದಿಗೆ ಬಂದ ನೆಂಟರೊಬ್ಬರು ತಮ್ಮ ರಾಗಿಗೆ ಇಲಿ ಬಿದ್ದಿದೆ ಎಂದರು. ಭಾವನವರು ಕುರ್ಚಿ ಹತ್ತಿರ ಎಳೆದುಕೊಂಡರು.

“ನನ್ನ ಪ್ಲಾನು ಸರಿಯಾಗೇ ಇತ್ತು. ಆ ಬೆಕ್ಕುಗಳು ಸರಿಯಿರ್ಲಿಲ್ಲ. ನೀವು ಮುಂಗುಸಿ ಬಿಡ್ರಿ.”

ನೆಂಟರು ತಲೆದೂಗುತ್ತಾ ಕೇಳುತ್ತಿದ್ದರು. ನಾನು ಒಳಗೆ ಹೋಗಿ ನೆಂಟರ ಹೆಂಡತಿಯನ್ನು ಕರೆದು, ನಮ್ಮ ಮನೆಯ ಎರಡು ಬೋನು ಕೊಟ್ಟು ಕಳಿಸಿದೆ.