ಎಂಬಿ ಲೆಕ್ಕದ ಟ್ರ್ಯಾಕ್ಟರ್

ನಮ್ಮ ಮನಿಯವ್ರ ಹೆಸರ ರಾವಸಾಹೇಬ. ಹೆಸರಿನ್ಯಾಗ ಸಾಹೇಬ ಐತಿ ಅಂತ ಕುಡದ ಚಾದ ಕಪ್ಪೂ ಎತ್ತಿಡೂದಿಲ್ಲ. ಆದ್ರ ಕಾರ್ಖಾನಿ ಕಾಟಾದ ಮುಂದ ನಿಂತ್ರಂದ್ರ ಹುಲಿ. ನಾವು ಕಬ್ಬ ಕಳಸೂ ಕಾರ್ಖಾನಿ, ಹೆಸರ ಬ್ಯಾಡ ಬಿಡ್ರಿ, ಟ್ರಾಲಿ ತೂಗೂ ಕಾಟಾದಾಗ ತೂಕ ಹೊಡಿತೈತಿ ಅಂತ ಐನಾಪುರದಾಗ ಎಲ್ಲಾರೂ ಗೊಣಗವ್ರ, ಗೊಣಗೂದು ಚಾದಂಗಡ್ಯಾಗ. ಇವ್ರೊಬ್ಬರು ತುಂಬಿದ ಟ್ರಾಲಿ ಮೊದಲ ಹೊರಗಿನ ಕಾಟಾಕ್ಕ ಒಯ್ದು ತೂಗಿಸಿ, ಆ ಚೀಟಿ ತಂದು ಕಾರ್ಖಾನಿ ಕ್ಲಾರ್ಕನ ಮೂಗಿಗೆ ಹಿಡದ್ರು. ಅವತ್ತಿಂದ ಪಾಳೇದಾಗ ಇವ್ರ ಟ್ರ್ಯಾಕ್ಟರ್ ಐತಿ ಅಂದ್ರ ಹಿಂದ ಮುಂದ ನಿಂತವ್ರಿಗೂ ತೂಕ ಸರಿ ಬರ್ತಿತ್ತು. ಮಂದಿ ನಮ್ಮ ಟ್ರಾಲಿ ಹೊಂಟದ್ದ ನೋಡಿ ತಮ್ಮದೂ ಹೊಂಡಸ್ತಿದ್ರು. ಇವ್ರ ದನಿ ಇರೂ ತನಕ ನಮ್ಮ ಕಬ್ಬಿಗೆ ಯಾರೂ ಕೈ ಹಾಕಾಂಗಿಲ್ಲ ಅಂತ ನನಗೂ ಭಾಳ ಅಭಿಮಾನ ಇತ್ರಿ, ಸುಳ್ಳ ಯಾಕ ಹೇಳ್ಲಿ.

ಇಂಥಾ ಮನಶ್ಯಾಗ ಗೇಮಿನ ಹುಚ್ಚ. ಮೊಬೈಲಿನ್ಯಾಗ ಟ್ರ್ಯಾಕ್ಟರ್ ಓಡಸೂ ಗೇಮ್. ದಿನಾ ಖರೇ ಟ್ರ್ಯಾಕ್ಟರ್ ಹೊಡದು ಬಂದು, ಕಾಲ ತೊಳಕೊಂಡು, ಮತ್ತ ಸುಳ್ಳ ಟ್ರ್ಯಾಕ್ಟರ್ ಹೊಡಿಯೂದು! ಗೇಮಿನವ್ರು ಕೊಟ್ಟ ಗಾಡಿ ಪರದೇಶದ್ದು, ಇವ್ರಿಗೆ ಸೇರಲಿಲ್ಲ. ಹಂಗ ಸೇರದವ್ರು ತಮಗ ಬೇಕಾದ ಗಾಡಿ ತಾವ ಕಂಪ್ಯೂಟರಿನ್ಯಾಗ ಮಾಡಿ ಗೇಮಿಗೆ ಕೂಡಸ್ತಾರಂತ, ಅದಕ್ಕ ಮಾಡ್ ಅಂತಾರ. ಇವ್ರೂ ಮಾಡಿದ್ರು. ಕೆಂಪ ಟ್ರ್ಯಾಕ್ಟರ್, ಹಿಂದ ಜೋಡ ಟ್ರಾಲಿ, ಮುಂದ ಗೊಂಡೆ, ಮ್ಯಾಲ ದೊಡ್ಡ ಸ್ಪೀಕರ್. ನಮ್ಮ ಇಂಜಿನ್ ಏರಿ ಹತ್ತೂವಾಗ ಕೆಮ್ಮೂ ಸಪ್ಪಳಾನೂ ರೆಕಾರ್ಡ್ ಮಾಡಿ ಹಾಕಿದ್ರು. ಚಲೋ ಆಗಿತ್ರಿ, ಖರೇನ. ಫುಕಟ್ ಕೊಟ್ಟಾಗ ಅಥಣಿಯಿಂದ ಚಿಕ್ಕೋಡಿ ತನಕ ಹುಡುಗ್ರು ಮುಗಿಬಿದ್ರು.

ಮುಂದ ರೊಕ್ಕಕ್ಕ ಮಾರೂ ವಿಚಾರ ಬಂತು. ನಮ್ಮ ಅತ್ತಿ ಗೌರಾಬಾಯಿ, "ಮುಟ್ಟಾಕ ಬರೂದಿಲ್ಲ, ಮಾರಾಕ ಬರ್ತೈತೇನಲೇ?" ಅಂದ್ರು. ನಾ ಹೇಳ್ದೆ, "ತಿಂಗಳಗಟ್ಲೆ ಕಣ್ಣ ಕಳಕೊಂಡ ಮಾಡೀರಿ, ರೊಕ್ಕ ತಗೊಳ್ಳೂದು ತಪ್ಪಲ್ಲ. ಒಂದ ಸಣ್ಣ ರೇಟ್ ಇಡ್ರಿ, ಎಲ್ಲಾರಿಗೂ ಒಂದ."

"ಹುಚ್ಚಿ ಅದೀ" ಅಂದ್ರು ಇವ್ರು. "ದ್ರಾಕ್ಷಿ ತೂಕಕ್ಕ, ಬೆಲ್ಲ ತೂಕಕ್ಕ, ನಿಪ್ಪಾಣಿ ತಂಬಾಕ ತೂಕಕ್ಕ. ಇದಕ್ಕೊಂದ ಬ್ಯಾರೆ ಕಾಯ್ದೆ ಏನು? ಫೈಲಿನ ತೂಕ ಎಂಬಿ ಲೆಕ್ಕದಾಗ, ಎಂಬಿಗೆ ಒಂದ ರೂಪಾಯಿ. ತೂಕ ಅವರ ಫೋನಿನ್ಯಾಗ ಅವರಿಗೇ ಕಾಣತೈತಿ. ರಾವಸಾಹೇಬ ಮೋಸ ಮಾಡ್ಯಾನ ಅಂತ ಯಾರ ಅನ್ನಲಿ ನೋಡೂಣ!"

ಅಯ್ಯ ಶಿವನ, ಒಬ್ಬರರ ನಗಬೇಕಲ್ರಿ? ತಗೊಳ್ಳಾವ್ರೂ ಕಬ್ಬಿನವ್ರ! "ಈ ಸಲದ್ದು ಎಷ್ಟ ಎಂಬಿ ಬಂತ್ರಿ ದಾದಾ?" ಅಂತ ಎಕರೆಕ್ಕ ಎಷ್ಟ ಟನ್ ಬಂತು ಅಂದಂಗ ಕೇಳವ್ರು. ರಾಯಬಾಗದವ ಒಬ್ಬ ಕಡಿಮಿ ಎಂಬಿದ ಹಗರನ್ನ ಟ್ರ್ಯಾಕ್ಟರ್ ಮಾಡಿದ್ದ, ಎಂಥಾ ಡಬ್ಬಾ ಫೋನಿನ್ಯಾಗೂ ಸರಳ ಓಡೂದು. ಅದು ಹಗರ ಐತಿ, ಮಾಲ ಜೊಳ್ಳ ಅಂತ ಯಾರೂ ತಗೊಳ್ಳಲಿಲ್ಲ. ಜಾಣರ ಊರಪ್ಪಾ ನಮ್ಮದು!

ತೂಕಕ್ಕ ರೊಕ್ಕ ಅಂದ ಮ್ಯಾಲ ತೂಕ ಏರಬೇಕಲ್ಲ, ಏರಾಕ ಹತ್ತು. ಮೊದಲ ಟ್ರಾಲ್ಯಾಗಿನ ಕಬ್ಬಿನ ಒಂದೊಂದ ಗಳಾನೂ ಬ್ಯಾರೆ ಬ್ಯಾರೆ ಚಿತ್ರಾ ಬರದ್ರು. ಇರಲಿ, ಅದು ದುಡಿಮಿ. ಆಮ್ಯಾಲ ಟ್ರ್ಯಾಕ್ಟರ್ ಹಂಗ ಇದ್ದು ತೂಕ ಒಮ್ಮಿಗೇ ದುಪ್ಪಟ್ಟ ಆತು. "ಏನ್ ಹಾಕೀರಿ?" ಅಂತ ಕೇಳ್ದೆ. "ಒಳಗಿನ ಕೆಲಸ, ನಿನಗ ತಿಳಿಯೂದಿಲ್ಲ" ಅಂದ್ರು.

ಒಂದಿನ ಐಗಳಿಯಿಂದ ಭರತ ಗಾಡಿ ಹೊಡಕೊಂಡ ಬಂದ. ಅವನೂ ಟ್ರ್ಯಾಕ್ಟರ್ ಡ್ರೈವರ್, ಇವ್ರ ಮಾಲ ಮೊದಲಿಂದ ತಗೊಳ್ಳಾವ. "ವೈನಿ, ದಾದಾ ಅದಾರೇನ್ರಿ?" ಅಂದ, ನನ್ನ ಮಾರಿ ನೋಡವಲ್ಲ, ತುಟಿ ಕಚ್ಚಿ ನಗಿ ತಡಕೊಂಡಾನ. ಟ್ರ್ಯಾಕ್ಟರ್ ಹಾಕಿದ ಕೂಡ್ಲೆ ಅವನ ಫೋನ್ ನಿಂತ ಬಿಟ್ಟಿತ್ತಂತ. ಯಾಕ ಅಂತ ಫೈಲ್ ಬಿಚ್ಚಿ ನೋಡ್ಯಾನ, ಒಳಗ ನಮ್ಮ ಮದವಿ ವಿಡಿಯೋ! ನಾ ಮೈತುಂಬ ಅರಿಷಿಣ ಬಳಕೊಂಡ ಕುಂತೇನಿ, ನಮ್ಮ ಮಾವಶಿ ಕುಣ್ಯಾಕತ್ತಾಳ, ಇವ್ರು ಬಾಸಿಂಗ ಕಟಗೊಂಡ ತೂಕಡಸಾಕತ್ತಾರ.

ನನಗ ಮೈಯೆಲ್ಲಾ ಬೆಂಕಿ ಹತ್ತು. ಇವ್ರನ್ನ ಒಳಗಿಂದ ಕರದ್ನಿ. "ನನ್ನ ಮದವಿ ನಿಮಗ ತಕ್ಕಡ್ಯಾಗಿನ ಕಲ್ಲೇನ್ರಿ?"

"ಮನ್ಯಾಗ ಇದ್ದ ದೊಡ್ಡ ಫೈಲ್ ಅದೊಂದ ಇತ್ತು. ಯಾರಿಗೂ ಕಾಣೂದಿಲ್ಲ ಅನ್ಕೊಂಡಿದ್ನಿ."

"ಕಾರ್ಖಾನಿಯವ್ರೂ ಹಂಗ ಅನ್ಕೊಂಡ ಹೊಡಿತಾರು!"

ಭರತನ ನಗಿ ಆರಿತ್ತು. "ರೊಕ್ಕ ಹೋಗಲಿ ದಾದಾ. ನಿಮ್ಮನ್ನ ನೋಡಿ ನಾವ ಕಾಟಾದ ಮುಂದ ಮಾತಾಡಾಕ ಕಲ್ತಿದ್ವಿ" ಅಂದು ಗಾಡಿ ಹತ್ತಿದ. ಆಗರ ಇವ್ರು ತಪ್ಪಾತು ಅಂದು ರೊಕ್ಕ ಹೊಳ್ಳಿ ಕೊಟ್ಟಿದ್ರ ಮುಗೀತಿತ್ತು. ಏನ ಮಾಡಿದ್ರು ಗೊತ್ತೈತೇನ್ರಿ? "ಮದುವೆ ವಿಡಿಯೋ ನಮ್ಮ ಕಡೆಯಿಂದ ಬೋನಸ್" ಅಂತ ವಾಟ್ಸಾಪ್ ಗ್ರೂಪಿಗೆ ಬರದ ಹಾಕಿದ್ರು! ಫೈಲ್ ಬಿಚ್ಚದವ್ರೂ ಬಿಚ್ಚಿ ನೋಡಿದ್ರು. ವಾರದಾಗ ಕಾಗವಾಡ ತನಕ ನನ್ನ ಅರಿಷಿಣ ಮುಟ್ಟಿತ್ತು.

ಕಬ್ಬಿನ ಹಂಗಾಮ ಚಾಲೂ ಆತು. ಕಾಟಾದ ಮುಂದ ಇವ್ರ ದನಿ ಉಳದೈತೋ ಇಲ್ಲೋ ನೋಡಬೇಕಂತ ಹಟಾ ಮಾಡಿ ನಾನೂ ಟ್ರ್ಯಾಕ್ಟರ್ ಹತ್ತಿ ಹೋದ್ನಿ. ತೂಕ ಆತು, ಚೀಟಿ ಬಂತು. ಹೊರಗ ತೂಗಿಸಿದ್ದಕ್ಕೂ ಇದಕ್ಕೂ ತಾಳಮೇಳ ಇಲ್ಲ. "ಇದ ಸರಿ ಇಲ್ಲ" ಅಂದ್ರು ಇವ್ರು, ಮೊದಲಿನ ಅರ್ಧ ದನಿಯಾಗ.

ಕ್ಲಾರ್ಕ್ ಸಮಾಧಾನಲೇ ಫೋನ್ ತಗದು ಕಿಡಕಿಗೆ ಹಿಡದ. ಅರಿಷಿಣದ ನಾನು. "ರಾವಸಾಹೇಬ್ರ, ಕಡಿಮಿ ಬಿದ್ದದ್ದು ಕಾರ್ಖಾನಿಗೆ ಬೋನಸ್ ಅಂತ ತಿಳ್ಕೊರ್ರಿ."

ಪಾಳೇನೆಲ್ಲ ಹೋ ಅಂತು. ಇವ್ರು ಚೀಟಿ ಮಡಚಿ ಕಿಸೇದಾಗ ಇಟಗೊಂಡ್ರು. ನನಗ ತಡಿಲಿಲ್ಲ, ಇಳದ ಹೋಗಿ ಕಿಡಕಿ ಮುಂದ ನಿಂತ್ನಿ. "ನನ್ನ ಮದವಿ ತೂಕ ಆಮ್ಯಾಲ ನೋಡೂಣು, ಮೊದಲ ಕಬ್ಬ ಹೊಳ್ಳಿ ತೂಗ್ರಿ!" ಕ್ಲಾರ್ಕ್ ನನ್ನ ಹಿಂದ ಯಾರರ ಅದಾರೇನು ಅಂತ ನೋಡಿದ. ಯಾರೂ ಇರಲಿಲ್ಲ. ಎಲ್ಲಾರೂ ಹೊಟ್ಟಿ ಹಿಡಕೊಂಡ ನಗಾಕತ್ತಿದ್ರು. ಅವ ಕೈ ಬೀಸಿ ಮುಂದಿನ ಟ್ರಾಲಿ ಕರದ.

ಅದು ಎಲ್ಲಾರಕಿಂತ ಜೋರ ನಕ್ಕವನ ಟ್ರಾಲಿ. ಚೀಟಿ ಕೈಗೆ ಬಂದ ಮ್ಯಾಲ ಅವನ ನಗಿ ನಿಂತು. ಚೀಟಿ ಎರಡ ಸಲ ಓದಿ, ಹೊಳ್ಳಿ ನಮ್ಮವ್ರ ಕಡೆ ನೋಡಿದ. ನಮ್ಮವ್ರು ಟ್ರ್ಯಾಕ್ಟರ್ ಚಾಲೂ ಮಾಡಿದ್ರು.